ಬೆರಳಿಗೆ ತಿಳಿಯದ ಬಿಸಿ

ಮೆಗ್ ಮರಿ ಹಾಕಿ ಒಂಬತ್ತು ದಿನವಾಗಿತ್ತು. ಆರ್ಡಿಸ್ ಎಂದಿನಂತೆ ಬೆಳಗಿನ ಕಾಫಿಗೂ ಮುಂಚೆ ಹಿಂಬಾಗಿಲ ಕೋಣೆಗೆ ಹೋಗಿ, ಮರಿಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೂತು, ನಾಯಿಯ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಎಡಗಡೆ ಐದು ಮೊಲೆ, ಬಲಗಡೆ ಐದು. ಮುಂದಿನಿಂದ ಹಿಂದಕ್ಕೆ ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಬೆರಳಿನಿಂದ ಮೆಲ್ಲಗೆ ಅದುಮಿ ಬಿಟ್ಟಳು. ಇಪ್ಪತ್ತೆಂಟು ವರ್ಷಗಳಿಂದ ತನ್ನ ಮನೆಯ ಪ್ರತಿ ಬಾಣಂತಿ ನಾಯಿಗೂ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವಳು ತಪ್ಪದೆ ಮಾಡಿಕೊಂಡು ಬಂದಿದ್ದ ಕೆಲಸ ಅದು.

ಈ ಸಲ ಒಂದೇ ವ್ಯತ್ಯಾಸವಿತ್ತು. ಅವಳ ಬೆರಳುಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಹಿಂದಿನ ವರ್ಷ ಜೂನ್‌ನಲ್ಲಿ ಅವಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗೆಡ್ಡೆ ಸಿಕ್ಕಿತ್ತು. ಅದನ್ನು ಕೊಯ್ದು ತೆಗೆದ ಮೇಲೆ ಆರು ತಿಂಗಳು, ಹದಿನೈದು ದಿನಕ್ಕೊಮ್ಮೆ, ಗಂಡ ಎಲ್ಡನ್ ಅವಳನ್ನು ಬಿಲ್ಲಿಂಗ್ಸ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮದ್ದಿನ ಡ್ರಿಪ್ ಹಾಕಿಸಿಕೊಂಡು ಬರುತ್ತಿದ್ದ. ಆ ಮದ್ದು ಜೀವ ಉಳಿಸಿತು; ಬೆರಳ ತುದಿಯ ನರಗಳನ್ನು ತಿಂದುಹಾಕಿತು. ಮೊದಮೊದಲು ತಣ್ಣನೆಯ ಲೋಟ ಮುಟ್ಟಿದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಆಮೇಲೆ ಇರುವೆ ಹರಿದಂತೆ. ಡಿಸೆಂಬರ್ ಹೊತ್ತಿಗೆ ಅದೂ ನಿಂತು, ಯಾರದೋ ಕೈಯನ್ನು ತಂದು ತನ್ನ ಮಣಿಕಟ್ಟಿಗೆ ಕಟ್ಟಿದ ಹಾಗೆ ಅನ್ನಿಸತೊಡಗಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಯಿತು. ಬಾಣಲೆಯ ಹಿಡಿ ಬರಿಗೈಯಲ್ಲಿ ಹಿಡಿದು ಎರಡು ಸಲ ಸುಟ್ಟುಕೊಂಡಳು. ಸುಟ್ಟದ್ದು ಗೊತ್ತಾದದ್ದು ವಾಸನೆಯಿಂದ.

ಪ್ರತಿ ಸಲವೂ ನರ್ಸ್ ಕೇಳುತ್ತಿದ್ದಳು, "ಕೈಕಾಲು ಮರಗಟ್ಟಿದ ಹಾಗೆ ಆಗತ್ತಾ?"

"ಇಲ್ಲ," ಎನ್ನುತ್ತಿದ್ದಳು ಆರ್ಡಿಸ್.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹೆಂಗಸು ಹೌದು ಎಂದಿದ್ದಕ್ಕೆ ಅವಳ ಮದ್ದನ್ನು ಅರ್ಧಕ್ಕೆ ಇಳಿಸಿದ್ದರು. ಆರ್ಡಿಸ್‌ಗೆ ಅರ್ಧ ಮದ್ದು ಬೇಡವಾಗಿತ್ತು. ಅವಳಿಗೆ ಬದುಕಬೇಕಾಗಿತ್ತು. ಹೀಗೆ ಆಸ್ಪತ್ರೆಯಲ್ಲಿ ಶುರುವಾದ ಸುಳ್ಳು ಅವಳ ಜೊತೆಯಲ್ಲೇ ಮನೆಗೂ ಬಂತು.

ಮನೆಯಲ್ಲಿ ಅದನ್ನು ಸಾಕಿಕೊಳ್ಳಲು ಬೇರೆ ಕಾರಣವಿತ್ತು. ಜನವರಿಯಲ್ಲಿ ಮೆಗ್ ಬೆದೆಗೆ ಬಂದಾಗ ಎಲ್ಡನ್ ಹೇಳಿದ್ದ, "ಈ ಸಲ ಬಿಡೋಣ ಆರ್ಡಿಸ್. ನೀನಿನ್ನೂ ಸುಧಾರಿಸ್ಕೊಂಡಿಲ್ಲ."

"ಮರಿ ಹಾಕೋಳು ಅವಳು. ನಾನಲ್ಲ."

"ಸಾಕೋಳು ನೀನಲ್ವಾ?"

"ಅವಳಿಗೆ ಏಳು ವರ್ಷ. ಈ ಸಲ ಬಿಟ್ರೆ ಮುಂದೆ ಆಗಲ್ಲ. ಅಲ್ಲಿಗೆ ಮುಗೀತು." ಅವಳು ಅಷ್ಟು ಹೇಳಿ ಎದ್ದುಹೋಗಿದ್ದಳು. ಎಲ್ಡನ್ ಮತ್ತೆ ಆ ಮಾತು ಎತ್ತಲಿಲ್ಲ. ಆ ಆರು ತಿಂಗಳು ಮೆಗ್ ಹೇಗೆ ಅವಳ ಮಂಚದ ಪಕ್ಕ ಬಿಟ್ಟು ಕದಲದೆ ಮಲಗಿತ್ತು ಎಂಬುದನ್ನು ಅವನೂ ನೋಡಿದ್ದ. ಕುರಿಮಂದೆಯನ್ನು ಬಿಟ್ಟು ಒಂದು ದಿನ ಇರಲಾರದ ನಾಯಿ, ವಾಂತಿಯ ಬಕೆಟ್ಟಿನ ಪಕ್ಕ ಮೂತಿಯಿಟ್ಟುಕೊಂಡು ಅಷ್ಟೂ ದಿನ ಕಳೆದಿತ್ತು.

ಈಗ ಕೈಯ ವಿಷಯ ಗೊತ್ತಾದರೆ ಅವನು ನಾಯಿಗಳನ್ನು ಮುಟ್ಟಲು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ಜಿಲ್ಲೆಯಲ್ಲಿ ಯಾರ ಮನೆಯ ನಾಯಿ ಮರಿ ಹಾಕಿದರೂ ಮೊದಲು ಫೋನ್ ಬರುತ್ತಿದ್ದುದು ಟ್ವೇಟ್ ದಂಪತಿಗಳ ಮನೆಗೆ, ಆರ್ಡಿಸ್‌ಗೆ. ಪ್ರತಿ ವಸಂತದಲ್ಲಿ ಕೃಷಿ ಮೇಳದ ಮೈದಾನದ ಹಾಲ್‌ನಲ್ಲಿ, ಪ್ರಾಣಿ ಸಾಕುವ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಕೂರಿಸಿಕೊಂಡು ಬಾಣಂತಿ ನಾಯಿಯನ್ನು ನೋಡಿಕೊಳ್ಳುವುದು ಹೇಗೆಂದು ಹೇಳಿಕೊಡುತ್ತಿದ್ದವಳು ಅವಳೇ. "ಕಣ್ಣಲ್ಲಿ ನೋಡೋಕ್ಕಿಂತ ಮುಂಚೆ ಕೈಯಲ್ಲಿ ಮುಟ್ಟಿ," ಎನ್ನುತ್ತಿದ್ದಳು. "ಕೆಂಪಾಗೋದು ಆಮೇಲೆ. ಬಿಸಿಯಾಗೋದು, ಗಟ್ಟಿಯಾಗೋದು ಮೊದಲು. ಅದರಲ್ಲೂ ಹಿಂದಿನ ಎರಡು ಮೊಲೆ ಮೇಲೆ ಕಣ್ಣಿಡಿ. ಹಾಲು ಜಾಸ್ತಿ ಕಟ್ಟೋದು ಅಲ್ಲೇ. ಅನುಮಾನ ಬಂದ್ರೆ ಎರಡು ಹನಿ ಬಿಳಿ ತಟ್ಟೆಗೆ ಹಿಂಡಿ ನೋಡಿ. ಹಳದಿ ಬಂದ್ರೂ, ಎಳೆ ಎಳೆಯಾಗಿ ಬಂದ್ರೂ ಆವತ್ತೇ ಡಾಕ್ಟ್ರಿಗೆ ಫೋನ್ ಮಾಡಿ." ಮೊಲೆಬಾವು ಅವಳ ಮನೆಗೂ ಹನ್ನೊಂದು ಸಲ ಬಂದಿತ್ತು. ಹನ್ನೊಂದು ಸಲವೂ ಮೊದಲ ದಿನವೇ ಅವಳ ಕೈಗೆ ಸಿಕ್ಕಿಬಿದ್ದಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯ ಶಾಖ, ಕಟ್ಟಿದ ಹಾಲು ಹಿಂಡಿ ತೆಗೆಯುವುದು, ಡಾಕ್ಟರ್ ಕೊಟ್ಟ ಮಾತ್ರೆ. ನಾಲ್ಕು ದಿನದಲ್ಲಿ ನಾಯಿ ಎದ್ದು ಓಡಾಡುತ್ತಿತ್ತು. ಒಂದನ್ನೂ ಅವಳು ಕಳೆದುಕೊಂಡಿರಲಿಲ್ಲ.

ಅಂಥವಳು, ನನ್ನ ಕೈ ಸತ್ತಿದೆ ಎಂದು ಯಾರಿಗೆ ಹೇಳುವುದು?

ಮೆಗ್ ಮರಿ ಹಾಕಿದ ಮೊದಲ ವಾರವೇ ಎರಡು ಕೆಲಸ ಕೈಬಿಟ್ಟುಹೋದವು. ಮೂರನೆಯ ದಿನ ತಟ್ಟೆಗೆ ಹಾಲು ಹಿಂಡಲು ಹೋಗಿ, ಎಷ್ಟು ಒತ್ತುತ್ತಿದ್ದೇನೆಂಬುದು ತಿಳಿಯದೆ ಜೋರಾಗಿ ಅದುಮಿಬಿಟ್ಟಳು. ಮೆಗ್ ಕುಂಯ್ ಎಂದು ತಲೆಯೆತ್ತಿ ಅವಳನ್ನು ನೋಡಿತು. ಕಚ್ಚಲಿಲ್ಲ, ಗುರುಗುಟ್ಟಲೂ ಇಲ್ಲ. ಆ ನೋಟಕ್ಕೆ ಹೆದರಿ ಅವಳು ಮತ್ತೆ ಹಿಂಡಲು ಹೋಗಲಿಲ್ಲ. ಐದನೆಯ ದಿನ ಮರಿಗಳ ಉಗುರು ಕತ್ತರಿಸಲು ಕೂತಳು. ಅಕ್ಕಿಕಾಳಿನಷ್ಟು ಉಗುರು, ಮೊದಲ ಮರಿಯ ಎರಡನೆಯ ಉಗುರಿಗೇ ರಕ್ತ ಬಂತು. ಕತ್ತರಿಯನ್ನು ಡ್ರಾಯರ್‌ಗೆ ಹಾಕಿ ಮುಚ್ಚಿದಳು. ಏಳು ಮರಿಗಳು ತಮ್ಮ ಚೂಪು ಉಗುರಿನಿಂದ ತಾಯಿಯ ಹೊಟ್ಟೆಯನ್ನು ಕೆದಕುತ್ತ, ಒತ್ತುತ್ತ ಹಾಲು ಕುಡಿದವು. ಗೀರುಗಳು ಎದ್ದವು. ಅವಳು ಮುಲಾಮು ಹಚ್ಚಿದಳು. ಮರಿಗಳಿಗೆ ಬೆಚ್ಚಗಿರಲೆಂದು ಕಟ್ಟಿದ್ದ ಕೆಂಪು ದೀಪದ ಕೆಳಗೆ ಗೀರೂ ಕೆಂಪು, ಹೊಟ್ಟೆಯೂ ಕೆಂಪು, ಅವಳ ಕೈಯೂ ಕೆಂಪು.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತು ಮೊಲೆಗಳನ್ನೂ ಮುಟ್ಟಿ ಅವಳು ಎದ್ದು ಹೋಗಿ ಕಾಫಿಗಿಟ್ಟಳು.

ಎಲ್ಡನ್ ಕುರಿ ಕೊಟ್ಟಿಗೆಯಿಂದ ಬಂದ. ಏಪ್ರಿಲ್‌ನಲ್ಲಿ ಅವನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಾನೂರು ಕುರಿಗಳು ಒಂದರ ಹಿಂದೊಂದು ಈಯುತ್ತಿದ್ದವು. ಬೂಟು ಕಳಚುತ್ತ ಹಿಂಬಾಗಿಲ ಕೋಣೆಯಲ್ಲೇ ನಿಂತ.

"ಇವಳ್ಯಾಕೆ ಸಿಮೆಂಟ್ ಮೇಲೆ ಬಂದು ಮಲಗಿದಾಳೆ?"

"ದೀಪ ಕೆಳಗಿದೆ. ಸೆಕೆ ಆಗಿರತ್ತೆ. ಒಂದು ಗೇಣು ಮೇಲಕ್ಕೆ ಕಟ್ಟು."

"ಮರಿಗಳು ಅಳ್ತಾ ಇವೆ."

"ಏಳು ಮರಿ ಇದ್ಮೇಲೆ ಯಾವುದಾದ್ರೂ ಒಂದು ಅಳ್ತಾನೇ ಇರತ್ತೆ. ನಿನ್ನ ಕುರಿ ನೀನು ನೋಡ್ಕೋ, ನನ್ನ ನಾಯಿ ನಾನು ನೋಡ್ಕೋತೀನಿ."

"ಆಯ್ತು ಮಹಾರಾಣಿ," ಎಂದು ಅವನು ದೀಪದ ಸರಪಳಿಯನ್ನು ಮೇಲಕ್ಕೆ ಸಿಕ್ಕಿಸಿದ. ಪೆಟ್ಟಿಗೆಯಿಂದ ಹೊರಗೆ ತೆವಳಿದ್ದ ಒಂದು ಮರಿಯನ್ನು ಎತ್ತಿ ಮೆಗ್‌ನ ಹೊಟ್ಟೆಯ ಬಳಿ ಬಿಡಲು ಬಗ್ಗಿದ. ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದ. ಆಮೇಲೆ ಏನೂ ಹೇಳದೆ ಒಳಗೆ ಬಂದು ಕಾಫಿ ಕುಡಿದು, ಎರಡು ಹೋಳು ಬ್ರೆಡ್ಡನ್ನು ಜೇಬಿಗೆ ಹಾಕಿಕೊಂಡು ಹೋದ.

ಹತ್ತನೆಯ ದಿನ ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಎರಡಕ್ಕೆ ತೂಕವೇ ಏರಿರಲಿಲ್ಲ. ಹನ್ನೊಂದನೆಯ ದಿನ ನಾಲ್ಕಕ್ಕೆ ಏರಿರಲಿಲ್ಲ. ಕಿರಿಯ ಕರಿ ಹೆಣ್ಣುಮರಿ ಇಳಿದಿತ್ತು. ಆರ್ಡಿಸ್ ತಕ್ಕಡಿಯನ್ನು ತಿರುಗಿಸಿ ಅಡಿಯ ಬ್ಯಾಟರಿ ಬದಲಿಸಿದಳು. ಮೆಗ್‌ನ ಹತ್ತಿರ ಹೋಗಿ ಮತ್ತೊಮ್ಮೆ ಮುಟ್ಟಿದಳು. ಹಿಂದಿನ ಎಡಮೊಲೆಯನ್ನು ಎರಡೆರಡು ಸಲ ಮುಟ್ಟಿದಳು. ಕೈಗೆ ಏನೂ ಹೇಳುವುದಿರಲಿಲ್ಲ. ಏನೂ ಗೊತ್ತಾಗದಿರುವುದನ್ನು ಅವಳು ಏನೂ ಆಗಿಲ್ಲ ಎಂದು ಓದಿಕೊಂಡಳು. ಹಾಗೆ ಓದಿಕೊಳ್ಳುವುದು ಅವಳಿಗೆ ಬೇಕಾಗಿತ್ತು.

ಹನ್ನೆರಡನೆಯ ದಿನ ಮೆಗ್ ಎದ್ದೇಳಲಿಲ್ಲ. ತಟ್ಟೆಯಲ್ಲಿಟ್ಟ ಬೇಯಿಸಿದ ಕುರಿಮಾಂಸ ಸಂಜೆಯಿಂದ ಹಾಗೇ ಇತ್ತು. ಮೈ ಸಣ್ಣಗೆ ನಡುಗುತ್ತಿತ್ತು. ಮರಿಗಳು ಹತ್ತಿರ ಬಂದರೆ ಹಿಂಗಾಲು ಮಡಚಿ ಹೊಟ್ಟೆಯನ್ನು ಮುಚ್ಚಿಕೊಳ್ಳುತ್ತಿತ್ತು. ಆರ್ಡಿಸ್ ಜ್ವರದ ಕಡ್ಡಿ ಇಟ್ಟಳು. ನೂರಾ ಐದು. ಅವಳು ಕೆಂಪು ದೀಪವನ್ನು ಆರಿಸಿ, ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಹಗಲಿನ ಬೆಳಕಿನಲ್ಲಿ ನಾಯಿಯ ಕಾಲನ್ನು ಎತ್ತಿ ನೋಡಿದಳು.

ಹಿಂದಿನ ಎಡಮೊಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಕಡೆ ಕಪ್ಪಗಾಗಿತ್ತು. ಬಿಳಿ ತಟ್ಟೆ ತಂದು ಒತ್ತಿದಳು. ಬಂದದ್ದು ಹಾಲಲ್ಲ, ಕಂದು ಬಣ್ಣದ, ವಾಸನೆ ಹೊಡೆಯುವ ನೀರು.

ಅವಳು ಅಂಗಳಕ್ಕೆ ಓಡಿ ಎಲ್ಡನ್‌ನನ್ನು ಕೂಗಿದಳು.

ಡಾಕ್ಟರ ಊರು ಅರವತ್ತು ಮೈಲಿ. ಹಿಮ ಕರಗಿದ ಮಣ್ಣುದಾರಿ ಪಿಕಪ್‌ನ ಗಾಲಿಗಳನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಆರ್ಡಿಸ್ ಹಿಂದಿನ ಸೀಟಿನಲ್ಲಿ ಮೆಗ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾಲ ಬಳಿ ರಟ್ಟಿನ ಪೆಟ್ಟಿಗೆಯಲ್ಲಿ ಏಳು ಮರಿಗಳು.  ಸ್ಟೀರಿಂಗ್ ಹಿಡಿದಿದ್ದ ಎಲ್ಡನ್‌ನ ಕತ್ತಿನ ಹಿಂಭಾಗ ಬಿಗಿದಿತ್ತು. ನನ್ನ ಮೇಲಿನ ಸಿಟ್ಟು ಎಂದುಕೊಂಡಳು ಆರ್ಡಿಸ್.

ಪಶುವೈದ್ಯೆ ಜನೆಲ್ ಆಸ್ಬಿ ಬಾಗಿಲಲ್ಲೇ ಕಾಯುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಮೇಳದ ಹಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಕೂತು, ಆರ್ಡಿಸ್ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ ಹುಡುಗಿ ಅವಳು. ಈಗ ಮೂವತ್ತಾರು. ಮೆಗ್‌ನ ಒಸಡು ಒತ್ತಿ ನೋಡಿದಳು, ಎದೆಬಡಿತ ಕೇಳಿದಳು, ಕಾಲನ್ನೆತ್ತಿದಳು. ಅವಳ ಮುಖ ಒಂದು ಕ್ಷಣ ಹಾಗೇ ನಿಂತುಹೋಯಿತು.

"ಇದು ಯಾವಾಗಿಂದ ಹೀಗಿದೆ ಆರ್ಡಿಸ್?"

"ನಿನ್ನೆ ಸಂಜೆ ನೋಡ್ದೆ. ಸರಿಯಾಗೇ ಇತ್ತು."

ಜನೆಲ್ ತಲೆಯೆತ್ತಿ ಅವಳನ್ನು ನೋಡಿದಳು. ಒಂದು ರಾತ್ರಿಯಲ್ಲಿ ಮೊಲೆ ಹೀಗೆ ಕೊಳೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎಲ್ಡನ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

"ನೀವು ನೋಡಿದೀರಿ ಅಂದ್ಮೇಲೆ ಸರಿಯಾಗೇ ಇದ್ದಿರತ್ತೆ," ಎಂದಳು ಜನೆಲ್ ಕೊನೆಗೆ. "ಕೆಲವು ಸಲ ತುಂಬ ಬೇಗ ಏರಿಬಿಡತ್ತೆ. ವಿಷ ರಕ್ತಕ್ಕೆ ಸೇರಿದೆ. ಮೊದಲು ಡ್ರಿಪ್ ಹಾಕಿ ಸ್ವಲ್ಪ ಸುಧಾರಿಸ್ಲಿ, ಆಮೇಲೆ ಆ ಭಾಗ ಕೊಯ್ದು ತೆಗೀತೀನಿ. ನನ್ನ ಕೈಲಾದದ್ದು ಮಾಡ್ತೀನಿ."

ಬೈದಿದ್ದರೆ ಆರ್ಡಿಸ್ ತಡೆದುಕೊಳ್ಳುತ್ತಿದ್ದಳು. ಆ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮೆಗ್ ಸುಧಾರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಇಳಿದದ್ದು ಒಳ್ಳೆಯದಕ್ಕಲ್ಲ, ನಾಯಿಗೆ ನೂರೊಂದು ಇರಬೇಕಾದಲ್ಲಿ ತೊಂಬತ್ತೆಂಟಕ್ಕೂ ಕೆಳಗೆ ಹೋಯಿತು. ಬೆಚ್ಚನೆಯ ಕಂಬಳಿ ಹೊದಿಸಿ, ನೆಲದ ಮೇಲೇ ಹಾಸಿಗೆ ಹಾಕಿ ಮಲಗಿಸಿದ್ದರು. ಆರ್ಡಿಸ್ ಪಕ್ಕದಲ್ಲಿ ಕೂತಿದ್ದಳು. ಮೂರು ಗಂಟೆಯ ಸುಮಾರಿಗೆ ಮೆಗ್ ಮೂತಿಯನ್ನು ಸ್ವಲ್ಪ ಮುಂದೆ ಚಾಚಿ ಅವಳ ಕೈಯನ್ನು ನೆಕ್ಕತೊಡಗಿತು. ಒಂದೊಂದು ಬೆರಳನ್ನೂ ನೆಕ್ಕಿತು. ಆರ್ಡಿಸ್ ನೋಡುತ್ತ ಕೂತಳು. ನಾಲಿಗೆ ಆಡುವುದು ಕಣ್ಣಿಗೆ ಕಾಣುತ್ತಿತ್ತು; ಬೆರಳು ಒದ್ದೆಯಾಗುವುದು ಕಾಣುತ್ತಿತ್ತು; ಮುಟ್ಟಿದ್ದು ಮಾತ್ರ ಎಲ್ಲೂ ತಲುಪಲಿಲ್ಲ. ನಾಲ್ಕೂಕಾಲಿಗೆ ನಾಲಿಗೆ ನಿಂತಿತು.

ಎಲ್ಡನ್ ಅದನ್ನು ಮನೆಗೆ ತಂದು, ಕೊಟ್ಟಿಗೆಯ ಹಿಂದಿನ ದಿಬ್ಬದಲ್ಲಿ, ಅದರ ತಾಯಿಯ ಪಕ್ಕ ಹೂಳಿದ. ಹಿಮದ ಅಡಿಯ ಮಣ್ಣು ಇನ್ನೂ ಗಟ್ಟಿಯಿತ್ತು. ಗುದ್ದಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಆರ್ಡಿಸ್ ಹೊರಗೆ ಹೋಗಲಿಲ್ಲ. ಮರಿಗಳಿಗೆ ಪುಡಿಹಾಲು ಕಲಸುತ್ತಿದ್ದಳು.

ಏಳು ಮರಿಗಳಿಗೆ ಎರಡು ಗಂಟೆಗೊಮ್ಮೆ ಬಾಟಲಿ ಹಾಲು. ಕುಡಿದ ಮೇಲೆ ತಾಯಿ ನೆಕ್ಕುವ ಹಾಗೆ ಒದ್ದೆ ಬಟ್ಟೆಯಲ್ಲಿ ಹಿಂಭಾಗ ಒರೆಸಬೇಕು. ಇಲ್ಲದಿದ್ದರೆ ಅವಕ್ಕೆ ಉಚ್ಚೆಯೂ ಬಾರದು. ಎಲ್ಡನ್ ಕುರಿಗಳ ನಡುವಿನಿಂದ ಎದ್ದು ಬಂದು ಬಂದು ನಾಲ್ಕು ಮರಿ ಕುಡಿಸುತ್ತಿದ್ದ, ಅವಳು ಮೂರು. ಹಾಲು ಬಿಸಿಯೋ ತಣ್ಣಗೋ ಎಂದು ನೋಡಲು ಅವಳು ಜ್ವರದ ಕಡ್ಡಿಯನ್ನು ಬಾಟಲಿಗೆ ಅದ್ದುತ್ತಿದ್ದಳು. ಎಲ್ಡನ್ ಅದನ್ನು ನೋಡಿದ, ಏನೂ ಕೇಳಲಿಲ್ಲ. ಮೊದಲ ದಿನವೇ ಒಂದು ಗಂಡುಮರಿ ಸತ್ತಿತು. ಕೆಟ್ಟ ಹಾಲು ಕುಡಿದಿರಬೇಕು.

ಕಿರಿಯ ಕರಿ ಹೆಣ್ಣುಮರಿಯನ್ನು ಆರ್ಡಿಸ್ ವೆಸ್ಲಾ ಎಂದು ಕರೆಯುತ್ತಿದ್ದಳು. ನಾರ್ವೆಯಿಂದ ಬಂದ ಅವಳ ಅಜ್ಜಿ ಅವಳನ್ನು ಕರೆಯುತ್ತಿದ್ದ ಹೆಸರು ಅದು. ಪುಟ್ಟಿ ಎಂದು ಅರ್ಥ. ಮೆಗ್ ಹೋದ ನಾಲ್ಕನೆಯ ಮಧ್ಯಾಹ್ನ ಅವಳು ವೆಸ್ಲಾಳನ್ನು ಟವಲಿನಲ್ಲಿ ಸುತ್ತಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಮರಿ ಐದಾರು ಗುಟುಕು ಕುಡಿದು, ಬಾಟಲಿ ಬಿಟ್ಟು, ಕಣ್ಣು ಮುಚ್ಚಿತು. ಇವತ್ತು ಪರವಾಗಿಲ್ಲ, ಕುಡಿದಿದೆ, ಎಂದುಕೊಂಡು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡು ಕೂತಳು. ಕಿಟಕಿಯಾಚೆ ಕುರಿಮರಿಗಳು ಬಿಸಿಲಿಗೆ ನೆಗೆಯುತ್ತಿದ್ದವು. ಬಹಳ ದಿನದ ಮೇಲೆ ಅವಳಿಗೆ ಸ್ವಲ್ಪ ಸಮಾಧಾನವೆನಿಸಿತು.

ಎಲ್ಡನ್ ಒಳಗೆ ಬಂದು ಕೈ ತೊಳೆದುಕೊಂಡ. "ಕೊಡು, ಪೆಟ್ಟಿಗೆಗೆ ಬಿಡ್ತೀನಿ."

"ಇರಲಿ, ಚೆನ್ನಾಗಿ ನಿದ್ದೆ ಹೋಗಿದೆ."

ಅವನು ಬಗ್ಗಿ, ಟವಲಿನೊಳಗೆ ಎರಡು ಬೆರಳು ತೂರಿಸಿದ. ತೂರಿಸಿದವನು ಹಾಗೇ ನಿಂತ.

"ಎಷ್ಟು ಹೊತ್ತಿಂದ ಹಿಡ್ಕೊಂಡಿದೀಯ?"

"ಒಂದೂವರೆ ಗಂಟೆ ಆಗಿರಬಹುದು. ಯಾಕೆ?"

"ಆರ್ಡಿಸ್, ಇದು ತಣ್ಣಗಾಗಿದೆ."

"ಇಲ್ಲ. ಬೆಚ್ಚಗಿದೆ."

"ಪೂರ್ತಿ ತಣ್ಣಗಾಗಿದೆ ಕಣೆ. ಸೆಟೆದುಕೊಂಡಿದೆ."

ಅವಳು ಮರಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

ಕೆನ್ನೆಗೆ ಗೊತ್ತಾಯಿತು. ಬೆಳಗಿನ ಬಕೆಟ್ಟಿನ ಹಿಡಿಯ ಹಾಗೆ ಕೊರೆಯುತ್ತಿತ್ತು. ಸತ್ತ ಮರಿಯ ತಣ್ಪು ಅಷ್ಟು ಸ್ಪಷ್ಟವಾಗಿ, ಅಷ್ಟು ಸುಲಭವಾಗಿ ಅವಳ ಚರ್ಮದೊಳಗೆ ಇಳಿಯಿತು. ಅವಳ ಕೆನ್ನೆಗೆ ಏನೂ ಆಗಿರಲಿಲ್ಲ. ತುಟಿಗೆ ಏನೂ ಆಗಿರಲಿಲ್ಲ. ಹನ್ನೆರಡು ದಿನ, ದಿನಕ್ಕೆ ಎರಡು ಸಲ, ಅವಳು ಆ ಹೊಟ್ಟೆಯ ಪಕ್ಕ ಮಂಡಿಯೂರಿದ್ದಳು. ಒಂದು ಗೇಣು ಬಗ್ಗಿ ಕೆನ್ನೆಯಿಟ್ಟಿದ್ದರೆ ಸಾಕಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಮುಟ್ಟುವುದೆಂದರೆ ಕೈಯಿಂದ ಎಂದು ಇಪ್ಪತ್ತೆಂಟು ವರ್ಷದಿಂದ ತಿಳಿದಿದ್ದವಳು ಅವಳು.

ಅವಳ ಬಾಯಿಂದ ಬಂದ ಸದ್ದಿಗೆ ಎಲ್ಡನ್ ನೆಲದ ಮೇಲೆ ಕೂತು ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡ.

"ಕೈಗೆ ಏನಾಗಿದೆ?"

"ಏನೂ ಗೊತ್ತಾಗಲ್ಲ ಎಲ್ಡನ್. ಬಿಸಿ, ತಣ್ಣಗೆ, ಏನೂ ಗೊತ್ತಾಗಲ್ಲ."

"ಯಾವಾಗಿಂದ?"

"ಡಿಸೆಂಬರ್‌ನಿಂದ. ನಾನು ಅವಳನ್ನ ದಿನಾ ಮುಟ್ಟಿದೆ. ಮುಟ್ಟಿದ ಹಾಗೆ ಮಾಡಿದೆ. ನಾನೇ ಕೊಂದೆ."

ಎಲ್ಡನ್ ಅವಳ ಕೈಯಿಂದ ಸತ್ತ ಮರಿಯನ್ನು ಬಿಡಿಸಿಕೊಂಡು ಮೇಜಿನ ಮೇಲೆ ಟವಲಿನಲ್ಲೇ ಇಟ್ಟ.  ಆಮೇಲೆ ಹೇಳಿದ:

"ನಾನು ಮುಟ್ಟಿದ್ದೆ."

"ಏನನ್ನ?"

"ಮೆಗ್‌ನ. ಆವತ್ತು ದೀಪ ಮೇಲೆ ಕಟ್ಟಿದ್ನಲ್ಲ, ಆವತ್ತು. ಮರಿ ಬಿಡೋಕೆ ಬಗ್ಗಿದಾಗ ಕೈ ತಗಲ್ತು. ಸುಡ್ತಾ ಇತ್ತು ಆರ್ಡಿಸ್. ಕಲ್ಲಿನ ಹಾಗೆ ಗಟ್ಟಿಯಾಗಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ದನಿ ತೀರ ತಗ್ಗಿತು. "ನೀನು ನಲವತ್ತು ವರ್ಷದಿಂದ ಕುರಿ ಸಾಕಿದೋನು. ಕೆಚ್ಚಲು ಬಾವು ಹೇಗಿರತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ?"

"ಹತ್ತು ನಿಮಿಷದ ಹಿಂದೆ ನೀನು ಮುಟ್ಟಿ ಎದ್ದಿದ್ದೆ. ನೀನು ನೋಡಿದ್ಮೇಲೆ ನಾನ್ಯಾರು ಹೇಳೋಕೆ? ನಾಯಿಗೆ ಹೀಗೇ ಇರತ್ತೇನೋ ಅಂದ್ಕೊಂಡೆ. ನನ್ನ ನಾಯಿ ನಾನು ನೋಡ್ಕೋತೀನಿ ಅಂತ ನೀನೇ ಅಂದಿದ್ದೆ." ಅವನು ಕೈಯಿಂದ ಬಾಯಿ ಒರೆಸಿಕೊಂಡ. "ನಿನ್ನ ಹತ್ರ ಬೈಸ್ಕೊಳ್ಳೋಕೆ ಬೇಜಾರಾಗಿತ್ತು ಆವತ್ತು. ಮೂರು ದಿನದಿಂದ ನಿದ್ದೆ ಇರ್ಲಿಲ್ಲ. ಅಷ್ಟೇ. ಬೇರೆ ಏನೂ ಇಲ್ಲ."

ಆರ್ಡಿಸ್ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಅವನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ ಹಲ್ಲು ನೋಯುತ್ತಿತ್ತು. ಆ ಸಿಟ್ಟು ತನ್ನ ಕಡೆಗೇ ತಿರುಗಲು ಎರಡು ದಿನ ಹಿಡಿಯಿತು. ಆ ಎರಡು ದಿನ ಇಬ್ಬರೂ ಮರಿಗಳ ವಿಷಯ ಬಿಟ್ಟು ಒಂದಕ್ಷರ ಆಡಲಿಲ್ಲ. "ಇದಕ್ಕೆ ಕುಡಿಸಿದೆ." "ಅದಕ್ಕೆ ಇನ್ನೂ ಇಲ್ಲ." ಅಷ್ಟೇ. ಆರ್ಡಿಸ್ ಪ್ರತಿ ಮರಿಯನ್ನೂ ಕೆನ್ನೆಗೆ ಮುಟ್ಟಿಸಿಯೇ ಕೆಳಗಿಡುತ್ತಿದ್ದಳು. ಎಲ್ಡನ್ ಅದನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದ.

ಮೂರನೆಯ ಬೆಳಿಗ್ಗೆ ಅವಳು ಜನೆಲ್‌ಗೆ ಫೋನ್ ಮಾಡಿದಳು.

"ನಾನು ನಿನಗೆ ಸುಳ್ಳು ಹೇಳ್ದೆ," ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದಳು. ಕೈಯ ವಿಷಯ, ಉಗುರಿನ ವಿಷಯ, ತಕ್ಕಡಿಯ ಬ್ಯಾಟರಿ ಬದಲಿಸಿದ್ದು. ಎಲ್ಡನ್ ಮುಟ್ಟಿದ್ದನ್ನು ಮಾತ್ರ ಹೇಳಲಿಲ್ಲ.

"ನನಗೆ ಫೋನ್ ಮಾಡಬಹುದಿತ್ತಲ್ಲ ಆರ್ಡಿಸ್," ಎಂದಳು ಜನೆಲ್. ಅವಳ ದನಿ ಒಡೆದಿತ್ತು. "ವಾರಕ್ಕೆರಡು ಸಲ ನಾನೇ ಬಂದು ನೋಡ್ಕೊಂಡು ಹೋಗ್ತಿದ್ದೆ. ಒಂದು ಮಾತು ಹೇಳಬಹುದಿತ್ತು."

"ಹೌದು. ಹೇಳಬಹುದಿತ್ತು."

"ಮೇ ತಿಂಗಳ ಹಾಲ್ ಕಾರ್ಯಕ್ರಮಕ್ಕೆ..."

"ನಾನು ಬರಲ್ಲ. ನೀನೇ ಮಾಡು. ಕೈಯಲ್ಲಿ ಮುಟ್ಟಿ ಅಂತ ಹೇಳು. ಕೈ ಸರಿಯಿಲ್ಲ ಅಂದ್ರೆ ಮಣಿಕಟ್ಟು, ಕೆನ್ನೆ, ಏನಾದ್ರೂ ಇಡಿ ಅಂತ ಹೇಳು. ಹಗಲು ಬೆಳಕಲ್ಲಿ ನೋಡಿ ಅಂತ ಹೇಳು. ಮನೆಯವರು ಯಾರಿಗಾದ್ರೂ ಅನುಮಾನ ಬಂದ್ರೆ ಬಾಯಿ ಬಿಟ್ಟು ಹೇಳ್ಲಿ, ಎಂಥ ಗಯ್ಯಾಳಿ ಹತ್ರ ಆದ್ರೂ ಹೇಳ್ಲಿ ಅಂತ ಹೇಳು. ಬೇಕಾದ್ರೆ ನನ್ನ ಹೆಸರು ಹೇಳು."

ಜನೆಲ್ ಆ ಮೇ ತಿಂಗಳು ಎಲ್ಲವನ್ನೂ ಹೇಳಿದಳು, ಹೆಸರು ಹೇಳಲಿಲ್ಲ. ಆದರೆ ಅಷ್ಟು ಸಣ್ಣ ಊರಲ್ಲಿ ಹೆಸರು ಬೇಕಾಗಿರಲಿಲ್ಲ. ಆಮೇಲೆ ಟ್ವೇಟ್ ಮನೆಗೆ ನಾಯಿಯ ವಿಷಯಕ್ಕೆ ಫೋನ್ ಬರುವುದು ಕಡಿಮೆಯಾಗುತ್ತ ಬಂದು ನಿಂತಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಚರ್ಚಿನಲ್ಲಿ ಮೊದಲಿಗಿಂತ ಮೆಲ್ಲಗೆ ಮಾತಾಡಿಸಿದರು, ಅವಳ ಕೈಯನ್ನು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡರು. ಹಿಡಿದದ್ದು ಅವಳಿಗೆ ತಿಳಿಯುತ್ತಿರಲಿಲ್ಲ.

ಉಳಿದ ಐದು ಮರಿಗಳು ಬದುಕಿದವು. ಜೂನ್‌ನಲ್ಲಿ ನಾಲ್ಕು ಬೇರೆ ಮನೆಗಳಿಗೆ ಹೋದವು. ಒಂದು ಹೆಣ್ಣುಮರಿಯನ್ನು ಎಲ್ಡನ್ ಕೊಡಲಿಲ್ಲ. ಮೆಗ್‌ನ ಹಾಗೆಯೇ ಅದಕ್ಕೆ ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡಿತ್ತು. ಟಿಲ್ ಎಂದು ಹೆಸರಿಟ್ಟ. ಆರ್ಡಿಸ್ ಬೇಡವೆಂದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಲ್ಲಿಂಗ್ಸ್‌ನ ಡಾಕ್ಟರಿಗೆ ಅವಳು ಕೊನೆಗೂ ಕೈಯ ವಿಷಯ ಹೇಳಿದಾಗ, ಸ್ವಲ್ಪ ವಾಪಸು ಬರಬಹುದು, ಬಾರದೆಯೂ ಇರಬಹುದು ಎಂದರು. ಚಳಿಗಾಲ ಬರುವ ಹೊತ್ತಿಗೆ ಹೆಬ್ಬೆರಳ ಬುಡದಲ್ಲಿ ಒಂದಿಷ್ಟು ಸುಳಿವು ಸಿಕ್ಕಿತು. ಅಲ್ಲಿಗೆ ನಿಂತಿತು.

ಮಾರ್ಚ್‌ನಲ್ಲಿ, ಟಿಲ್‌ಗೆ ವರ್ಷ ತುಂಬುವ ಮೊದಲೇ, ಅದಕ್ಕೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕೆಂದು ಆರ್ಡಿಸ್ ಹೇಳಿದಳು. ಎಲ್ಡನ್ ವಾದಿಸಲಿಲ್ಲ. ಪಿಕಪ್ ತೆಗೆದ.

ಜನೆಲ್ ವಾದಿಸಿದಳು. "ಮೆಗ್‌ನ ರಕ್ತ ಇಲ್ಲಿಗೆ ನಿಂತುಹೋಗತ್ತೆ. ಇಂಥ ನಾಯಿಗಳು ಈ ಕಡೆ ಎಲ್ಲೂ ಇಲ್ಲ. ಎಲ್ಡನ್ ಕೈ ಇದೆಯಲ್ಲ. ನೀವು ಪಕ್ಕದಲ್ಲಿ ಕೂತು ಹೇಳಿ, ಅವರು ಮುಟ್ಟಿ ನೋಡ್ಲಿ."

ಆರ್ಡಿಸ್ ಕಿಟಕಿಯತ್ತ ನೋಡಿದಳು. ಎಲ್ಡನ್ ಹೊರಗೆ ಪಿಕಪ್‌ನ ಬಾಗಿಲಿಗೆ ಒರಗಿ ನಿಂತಿದ್ದ.

"ಅವನ ಕೈ ಚೆನ್ನಾಗೇ ಇದೆ. ಮೆಗ್ ಹೋದ ಮೇಲೆ ಒಂದು ಕುರಿಗೆ ಬಾವು ಬಂದಾಗ ಅವನೇ ಮೊದಲು ಕಂಡುಹಿಡಿದ. ಕಂಡುಹಿಡಿದು ನನ್ನ ಮುಖ ನೋಡ್ದ. ಈಗ ಏನು ಮುಟ್ಟಿದ್ರೂ ನನ್ನ ಮುಖ ನೋಡ್ತಾನೆ ಜನೆಲ್. ಅವನನ್ನ ಇನ್ನೊಂದು ಬಾಣಂತಿ ನಾಯಿ ಪಕ್ಕ ಕೂರಿಸೋಕೆ ನನ್ನಿಂದಾಗಲ್ಲ. ನಾನೂ ಕೂರಲಾರೆ."

ಜನೆಲ್ ಟಿಲ್‌ನ ಪಟ್ಟಿ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ಟಿಲ್ ಒಮ್ಮೆ ಹಿಂದಿರುಗಿ ನೋಡಿತು.

ವಾಪಸು ಬರುವಾಗ ಅದು ಮಂಪರಿನಲ್ಲಿ ಇಬ್ಬರ ನಡುವೆ ಮಲಗಿತ್ತು. ಹೊಟ್ಟೆಯ ಕೂದಲು ಬೋಳಿಸಿ, ನಡುವೆ ಹೊಲಿಗೆ ಹಾಕಿದ್ದರು. ಮಣ್ಣುದಾರಿಗೆ ತಿರುಗಿದ ಮೇಲೆ ಎಲ್ಡನ್ ಕೇಳಿದ:

"ಮೊದಲನೇದರ ಹೆಸರೇನು? ವಯೋಮಿಂಗ್‌ನಿಂದ ತಂದ್ಯಲ್ಲ, ಕೋಟಿನೊಳಗೆ ಇಟ್ಕೊಂಡು."

"ಜಿಲ್."

"ಅದರ ಮಗಳು?"

"ಫ್ಲೈ. ಫ್ಲೈ ಮಗಳು ಬೆಸ್. ಬೆಸ್ ಮಗಳು ಮೆಗ್."

"ಬೆಸ್ ಒಂದು ಸಲ ಪಾದ್ರಿಯ ಟೋಪಿ ಹೂತಿತ್ತು."

"ಅದು ಬೆಸ್ ಅಲ್ಲ. ಫ್ಲೈ."

"ಫ್ಲೈ ಇರಬೇಕು," ಎಂದು ಎಲ್ಡನ್ ಒಪ್ಪಿಕೊಂಡ. ಗೇಟಿನ ಹತ್ತಿರ ಪಿಕಪ್ ನಿಲ್ಲಿಸಿ ಇಳಿದು ಹೋದ. ಚಿಲಕ ತೆಗೆದು, ಗೇಟನ್ನು 'ಕಿರ್' ಎಂದು ತಳ್ಳಿ, ಅದನ್ನು ಹಿಡಿದುಕೊಂಡೇ ಅಲ್ಲೇ ನಿಂತುಬಿಟ್ಟ. ಬೆನ್ನು ಇತ್ತ, ಮುಖ ಅತ್ತ, ಭುಜಗಳು ಅಲುಗುತ್ತಿದ್ದವು. ಆರ್ಡಿಸ್ ಅವನನ್ನು ಅವಸರಪಡಿಸಲಿಲ್ಲ. ಇಂಜಿನ್ ಗುರುಗುಡುತ್ತಿತ್ತು. ಅವಳು ಟಿಲ್ ಜಾರದ ಹಾಗೆ ತೋಳು ಅಡ್ಡವಿಟ್ಟು, ಅವನು ತಿರುಗಿ ಬರುವವರೆಗೆ ಕಾದು ಕೂತಳು.